ಬದುಕಿರುವ ಮಗನ ಗೋಧಿ

ಕ್ಯಾಂಪ್‌ಬೆಲ್, ಒಹಾಯೊ
ಅಕ್ಟೋಬರ್ 12, 1996, ಶನಿವಾರ

ಪ್ರೀತಿಯ ತಂಗಿ ಥೆಮೆಲಿನಾಗೆ ಅಕ್ಕ ಸೆವಾಸ್ತಿಯ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳು ಬಂದು ಅಡುಗೆಮನೆಯ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಈಸ್ಟರ್ ಹಬ್ಬಕ್ಕೆ ಬರೆದದ್ದೊಂದು, ಬೇಸಿಗೆಯಲ್ಲಿ ಬರೆದದ್ದೊಂದು. ಎರಡನೆಯದರಲ್ಲಿ ಚೆನ್ನಾಗಿ ಬೈದಿದ್ದೀಯ. ಮಗಳು ಸಿನಿಮಾ ತೆಗೆದ ಮೇಲೆ ಅಕ್ಕನ ಕಾಲು ನೆಲದ ಮೇಲಿಲ್ಲ ಅಂತ. ಕಾಲು ನೆಲದ ಮೇಲೇ ಇದೆ ತಂಗಿ, ಊದಿಕೊಂಡಿದೆ ಅಷ್ಟೆ. ನಿನಗೆ ಬರೆಯಲು ಕೂತಾಗಲೆಲ್ಲ "ಇಲ್ಲಿ ಎಲ್ಲರೂ ಕ್ಷೇಮ" ಅನ್ನುವ ಮೊದಲ ಸಾಲಿನಲ್ಲೇ ಕೈ ನಿಂತುಬಿಡುತ್ತಿತ್ತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ನಿಜ ಬರೆಯಲು ಧೈರ್ಯ ಸಾಲಲಿಲ್ಲ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ.

ನಿನ್ನ ಅಳಿಯನ ಹೊಸ ದೋಣಿಗೆ ಪಾದ್ರಿಗಳು ತೀರ್ಥ ಚಿಮುಕಿಸುವ ಫೋಟೋ ನೋಡಿದೆ. ದೋಣಿ ಚೆನ್ನಾಗಿದೆ. ಅಳಿಯ ದಪ್ಪಗಾಗಿದ್ದಾನೆ, ದೋಣಿ ವಾಲದ ಹಾಗೆ ನಡುವೆ ನೋಡಿ ಕೂರಲು ಹೇಳು. ನೀನು ಕಳಿಸಿದ ಜೇನಿನ ಡಬ್ಬಿ ಒಡೆಯದೆ ಬಂತು. ಮುಚ್ಚಳ ತೆಗೆದ ಕೂಡಲೇ ನಮ್ಮ ಕಾಲಿಮ್ನೋಸ್ ದ್ವೀಪದ ಗುಡ್ಡದ ವಾಸನೆ ಮನೆಯೆಲ್ಲ ತುಂಬಿತು. ನಿನ್ನ ಭಾವ ಮೂಗರಳಿಸಿ, "ಮನೆಗೆ ಬಂದ್ವಾ?" ಅಂತ ಕೇಳಿದರು. ಹ್ಞೂಂ ಅಂದೆ. ಈಗೀಗ ನಾನು ಎಲ್ಲದಕ್ಕೂ ಹ್ಞೂಂ ಅನ್ನುತ್ತೇನೆ.

ಸಿನಿಮಾದ ಕ್ಯಾಸೆಟ್ಟು ಕಳಿಸು ಅಂತ ಕೇಳಿದ್ದೀಯ. ಕಳಿಸುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಕಾಗದ.

ನಮ್ಮ ಕಾಲೋತಿನಾ ಹೇಗೆಂದು ನಿನಗೆ ಗೊತ್ತು. ಅಮ್ಮನ ಹೆಸರಿಟ್ಟೆವು, ಅಮ್ಮನ ಹಟವೂ ಜೊತೆಗೇ ಬಂತು. ಇಲ್ಲಿಯವರ ಬಾಯಲ್ಲಿ ಅವಳು ಟೀನಾ. ಹೋದ ವರ್ಷ ಬೇಸಿಗೆಯಲ್ಲಿ ನಾಲ್ಕಾರು ಸ್ನೇಹಿತರನ್ನೂ ಬಾಡಿಗೆಯ ಕ್ಯಾಮರಾವನ್ನೂ ಕಟ್ಟಿಕೊಂಡು ಬಂದಳು. ಸಿನಿಮಾದ ಕಥೆ ಅವಳದೇ. ಸೇತುವೆಗಳಿಗೆ ಬಣ್ಣ ಬಳಿಯುವ ಒಬ್ಬ ತಂದೆ, ಅವನ ಮೇಲೆ ಮುನಿಸಿಕೊಂಡು ದೂರ ಹೋದ ಮಗ, ಅಲ್ಲೇ ಸತ್ತುಹೋಗುವ ಮಗ. "ಇದು ನಮ್ಮನೆ ಕಥೆ ಅಲ್ಲಮ್ಮ," ಅಂದಳು. ಹಾಗೆ ಹೇಳಿ ನಮ್ಮ ಮನೆ ಕೇಳಿದಳು, ನನ್ನ ಸೋಫಾ ಕೇಳಿದಳು, ನನ್ನ ಅಡುಗೆಮನೆ ಕೇಳಿದಳು, ನಾನು ಉಟ್ಟಿದ್ದ ಏಪ್ರನ್ನನ್ನೂ ಬಿಚ್ಚಿಸಿಕೊಂಡು ಒಬ್ಬ ನಟಿಗೆ ಕೊಟ್ಟಳು. ಕೊನೆಗೆ ಅಪ್ಪನನ್ನೂ ಕೇಳಿದಳು. ಅಪ್ಪ ನಟಿಸಬೇಕಿಲ್ಲ, ತಂದೆಯ ಪಾತ್ರಕ್ಕೆ ಬೇರೆಯವರಿದ್ದಾರೆ, ಇವರು ಸತ್ತವನ ದೊಡ್ಡಪ್ಪನ ಹಾಗೆ ಮೂಲೆಯಲ್ಲಿ ಸುಮ್ಮನೆ ಕೂತರೆ ಸಾಕು ಅಂದಳು.

ಆಗಲೇ ನಿನ್ನ ಭಾವನಿಗೆ ಮರೆವು ಶುರುವಾಗಿತ್ತು. ಕನ್ನಡಕ ಮೂಗಿನ ಮೇಲಿಟ್ಟುಕೊಂಡೇ ಹುಡುಕುವುದು, ನನ್ನನ್ನು ನಿನ್ನ ಹೆಸರಿನಿಂದ ಕೂಗುವುದು. ಆಯುಷ್ಯವೆಲ್ಲ ಸೇತುವೆಗಳ ಮೇಲೆ ಸೀಸದ ಬಣ್ಣದ ಹೊಗೆ ಕುಡಿದವರು, ಅಷ್ಟಾದರೂ ಆಗದಿರುತ್ತದೆಯೇ ಅಂತ ನಕ್ಕು ಸುಮ್ಮನಿದ್ದೆವು.

ಸಿನಿಮಾದಲ್ಲಿ ಮಗ ಸತ್ತ ನಲವತ್ತನೆಯ ದಿನದ ದೃಶ್ಯವಿತ್ತು. ನಮ್ಮ ಹಜಾರದಲ್ಲೇ ತೆಗೆಯುವುದೆಂದಾಯಿತು. ಕಾಲೋತಿನಾ ಒಂದು ತಟ್ಟೆಯಲ್ಲಿ ಓಟ್ಸ್ ಸುರಿದು, ಮೇಲೆ ಸಕ್ಕರೆಪುಡಿ ಉದುರಿಸಿ, ಇದೇ ಸತ್ತವರಿಗಿಡುವ ಕೋಲಿವಾ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಕ್ಯಾಮರಾಗೆ ರುಚಿ ಗೊತ್ತಾಗಲ್ಲಮ್ಮ," ಅಂತ ಅವಳು. "ನಮ್ಮ ದ್ವೀಪದವರಿಗೆ ಕಣ್ಣಿಲ್ವಾ? ಸೆವಾಸ್ತಿ ಮನೆ ಕೋಲಿವಾ ಓಟ್ಸಿಂದು ಅಂತ ಆಡ್ಕೋಬೇಕಾ ಅವರು?" ಅಂತ ನಾನು. ತಟ್ಟೆ ಕಿತ್ತುಕೊಂಡು ಹಕ್ಕಿಗಳಿಗೆ ಸುರಿದೆ.

ನಿಜವಾದದ್ದನ್ನೇ ಮಾಡಿದೆ ತಂಗಿ. ಗೋಧಿ ಬೇಯಿಸಿ, ಅಮ್ಮ ಮಾಡುತ್ತಿದ್ದಂತೆ ಬಿಳಿ ಬಟ್ಟೆಯ ಮೇಲೆ ಹರಡಿ ಆರಿಸಿದೆ. ದಾಳಿಂಬೆ, ವಾಲ್‌ನಟ್, ಒಣದ್ರಾಕ್ಷಿ, ದಾಲ್ಚಿನ್ನಿ, ಯಾವುದಕ್ಕೂ ಕೈ ಬಿಗಿಹಿಡಿಯಲಿಲ್ಲ. ಮೇಲೆ ಸಕ್ಕರೆ ಒತ್ತಿ, ಬೆಳ್ಳಿ ಬಣ್ಣದ ಗುಂಡುಗಳಿಂದ ಶಿಲುಬೆ ಕೂರಿಸಿದೆ. ಸತ್ತವರ ಹೆಸರಿನ ಅಕ್ಷರವೊಂದನ್ನು ಮಾತ್ರ ಬರೆಯಲಿಲ್ಲ. ಬದುಕಿರುವವರಿಗಾಗಿ ಈ ಗೋಧಿ ಬೇಯಬಾರದು ಅಂತ ಅಮ್ಮ ನಮಗೆ ಎಷ್ಟು ಸಲ ಹೇಳಿಲ್ಲ? ಆದರೆ ಸಿನಿಮಾದ ಹುಡುಗ ಹುಟ್ಟಿದವನೇ ಅಲ್ಲ, ಹೆಸರು ಬರೆಯದಿದ್ದರೆ ದೋಷವೂ ಇಲ್ಲ ಅಂತ ನನಗೆ ನಾನೇ ಒಂದು ಕಾನೂನು ಮಾಡಿಕೊಂಡೆ.

ಚಿತ್ರೀಕರಣದ ದಿನ ಅಕ್ಕಪಕ್ಕದವರೆಲ್ಲ ಕಪ್ಪು ಬಟ್ಟೆ ಹಾಕಿಕೊಂಡು ಬಂದರು. ನೆರೆಯವರ ಪಾತ್ರಕ್ಕೆ ನೆರೆಯವರೇ. ನಮ್ಮ ಚರ್ಚಿನಲ್ಲಿ ಹಾಡುವ ಥಿಯೋಫಿಲಿಸ್ ಸತ್ತವರ ಪ್ರಾರ್ಥನೆಯ ಎರಡು ಸಾಲು ಹಾಡಲು ಒಪ್ಪಿದ್ದ. ಎಲ್ಲ ಸಿದ್ಧವಾದ ಮೇಲೆ ನೋಡಿದರೆ ಕೋಲಿವಾದ ಪಕ್ಕ ಇಡಬೇಕಾದ ಸತ್ತವನ ಫೋಟೋ ಬಂದಿಲ್ಲ. ಅದನ್ನು ತರಬೇಕಾದವರ ಕಾರು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬೆಳಕು ಇಳಿಯುತ್ತಿದೆ ಅಂತ ಕಾಲೋತಿನಾ ಚಡಪಡಿಸಿದಳು. ನಾನು ಒಳಗೆ ಕಾಫಿ ಕಾಯಿಸುತ್ತಿದ್ದೆ. ಅವಳು ಗಾಜಿನ ಬೀರುವಿನಿಂದ ಪಾಂತೆಲಿಸನ ಫೋಟೋ ತೆಗೆದು ಮೇಜಿನ ಮೇಲಿಟ್ಟು ಮೂಲೆಗೆ ಕಪ್ಪು ಪಟ್ಟಿ ಕಟ್ಟಿದ್ದಾಳೆ. ತನ್ನ ಒಡಹುಟ್ಟಿದ ಅಣ್ಣನ ಫೋಟೋ. ದೂರದಿಂದ ತೆಗೆಯುತ್ತೇವೆ, ಮುಖ ಕಾಣುವುದಿಲ್ಲ ಅಂತ ಅವಳ ಲೆಕ್ಕ.

ಕಾಫಿಯ ತಟ್ಟೆ ಹಿಡಿದು ನಾನು ಹೊರಗೆ ಬರುವಷ್ಟರಲ್ಲಿ ಥಿಯೋಫಿಲಿಸ್ ಎರಡು ಸಾಲನ್ನು ಯಾವಾಗಲೋ ದಾಟಿ ಹೋಗಿದ್ದ. ಕಣ್ಣು ಮುಚ್ಚಿಕೊಂಡು, ಅಭ್ಯಾಸಬಲದಿಂದ, ಪೂರ್ತಿ ಹಾಡುತ್ತಿದ್ದ. ಹೆಂಗಸರು ತಮ್ಮ ತಮ್ಮ ಸತ್ತವರನ್ನು ನೆನೆದು ನಿಜವಾಗಿಯೇ ಅಳುತ್ತಿದ್ದರು. ನಿನ್ನ ಭಾವ ಮೂಲೆಯ ಕುರ್ಚಿಯಿಂದ ಎದ್ದರು. ಮೇಜಿನ ಹತ್ತಿರ ಹೋಗಿ ಫೋಟೋ ನೋಡಿದರು. ಪಟ್ಟಿಯನ್ನು ಬೆರಳಿಂದ ಮುಟ್ಟಿದರು. ಒಂದು ಚಮಚ ಕೋಲಿವಾ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಮನೆಯ ಯಜಮಾನನಂತೆ ಬಾಗಿಲಲ್ಲಿ ಹೋಗಿ ನಿಂತರು. ಅಲ್ಲಿದ್ದವರು ಏನು ಮಾಡಬೇಕು ಹೇಳು. ಇದೂ ಸಿನಿಮಾದಲ್ಲಿರಬೇಕು ಅಂದುಕೊಂಡು ಒಬ್ಬೊಬ್ಬರೇ ಬಂದು ಕೈ ಹಿಡಿದು, ನಾವು ಹೇಳುವುದನ್ನೇ ಹೇಳಿದರು: "ಅವನನ್ನ ನೆನೆಯೋಕೆ ನೀವು ಬದುಕಿರಿ." ಅಷ್ಟೂ ಜನ ಹೇಳಿದರು. ಕ್ಯಾಮರಾ ಓಡುತ್ತಲೇ ಇತ್ತು. ಅಪ್ಪನಲ್ಲಿ ಇಂಥ ನಟನಿದ್ದಾನೆ ಅಂತ ಕಾಲೋತಿನಾ ಸಂತೋಷಕ್ಕೆ ಕಣ್ಣೀರು ಹಾಕುತ್ತಿದ್ದಳು. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆಯ ನಡುವೆ ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಾವಾಗಾಯ್ತು, ಸೆವಾಸ್ತಿ? ನನಗ್ಯಾಕೆ ಯಾರೂ ಹೇಳ್ಲಿಲ್ಲ?"

ಅವತ್ತಿನಿಂದ ನಮ್ಮ ಪಾಂತೆಲಿಸ್ ಈ ಮನೆಯಲ್ಲಿ ಸತ್ತಿದ್ದಾನೆ.

ನಾನು ಹೇಳದೆ ಬಿಟ್ಟೆ ಅಂದುಕೊಳ್ಳಬೇಡ. ದಿನಾ ಹೇಳಿದೆ. ಅದು ಸಿನಿಮಾ, ಮಗ ಗಟ್ಟಿಮುಟ್ಟಾಗಿದ್ದಾನೆ, ಪಿಟ್ಸ್‌ಬರ್ಗಿನಲ್ಲಿ ಬ್ರೆಡ್ಡಿನ ಗಾಡಿ ಓಡಿಸುತ್ತಾನೆ ಅಂತ. ನನ್ನ ಮುಖವನ್ನೇ ನೋಡಿ, ಪಾಪ ಇವಳಿಗೆ ತಡೆದುಕೊಳ್ಳಲಾಗುತ್ತಿಲ್ಲ ಅನ್ನುವಂತೆ ತಲೆ ಸವರುತ್ತಾರೆ. ಒಮ್ಮೆ ಪಾಂತೆಲಿಸನಿಗೆ ಫೋನ್ ಮಾಡಿ, ಏನೂ ವಿವರಿಸದೆ, ಅಪ್ಪನ ಹತ್ತಿರ ಒಂದು ಮಾತಾಡು ಅಂತ ಕೊಟ್ಟೆ. ಅವನ ದನಿ ಕೇಳಿದ್ದೇ ಇವರು ಫೋನನ್ನು ಕಿವಿಯಿಂದ ದೂರ ಹಿಡಿದರು. ಸತ್ತವನ ದನಿಯಲ್ಲಿ ಮಾತಾಡಿ ಯಾರೋ ಅಣಕಿಸುತ್ತಿದ್ದಾರೆ ಅಂತ ಫೋನ್ ಕುಕ್ಕಿ, ಆ ದಿನ ಊಟ ಬಿಟ್ಟರು. ಮಗ ಪಾಪ, ಅಪ್ಪನ ಹಳೆಯ ಸಿಟ್ಟು ಇಳಿದಿಲ್ಲ ಅಂದುಕೊಂಡ. ನಾನೂ ನಿಜ ಹೇಳಲಿಲ್ಲ. ನಿನ್ನ ಅಪ್ಪನ ಪಾಲಿಗೆ ನೀನು ಸತ್ತಿದ್ದೀಯ ಅಂತ ಹೆತ್ತವಳು ಯಾವ ಬಾಯಲ್ಲಿ ಹೇಳುವುದು? ನಲವತ್ತು ದಿನ ಗಡ್ಡ ಬೋಳಿಸಲಿಲ್ಲ ಅವರು. ನಲವತ್ತು ಮುಗಿದದ್ದು ಮರೆತು, ಈಗಲೂ ಬೋಳಿಸುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆಯುತ್ತಾರೆ, ಬೆಳಗಿನ ತಿಂಡಿ ಮರೆಯುತ್ತಾರೆ, ನನ್ನ ಹೆಸರು ಮರೆಯುತ್ತಾರೆ. ಇದೊಂದನ್ನು ಮಾತ್ರ ಮರೆಯುವುದಿಲ್ಲ. ಡಾಕ್ಟರನ್ನು ಕೇಳಿದರೆ ಎದುರಾಡಬೇಡಿ, ಹೇಳಿದ್ದಕ್ಕೆ ಹೌದೆನ್ನಿ ಅಂದರು. ನನ್ನ ಮಗು ಸತ್ತಿದೆ ಅನ್ನುವುದಕ್ಕೂ ಹೌದೆನ್ನಬೇಕೇ ಅಂತ ಕೇಳಲು ನಾಚಿಕೆಯಾಯಿತು, ಎದ್ದು ಬಂದೆ.

ಆ ಹಳೆಯ ಜಗಳ ನಿನಗೆ ಅರ್ಧ ಗೊತ್ತು, ಅರ್ಧ ಬರೆದಿರಲಿಲ್ಲ. ಅಪ್ಪ ಮಗ ಒಂದೇ ಸೇತುವೆಯ ಮೇಲೆ ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ ನೋಮಿಕೋಸ್ ಅನ್ನುವವನು ಕಾಲು ಜಾರಿ ಹಗ್ಗದಲ್ಲಿ ನೇತಾಡಿದ. ಉಳಿದವರು ಬರುವವರೆಗೆ ಆ ಹಗ್ಗವನ್ನು ಬರಿಗೈಯಲ್ಲಿ ಹಿಡಿದು ನಿಂತವನು ನಮ್ಮ ಪಾಂತೆಲಿಸ್. ಅಂಗೈಯ ಚರ್ಮ ಸುಲಿದು ಹೋಯಿತು. ನೋಮಿಕೋಸ್ ಉಳಿದ. ಮರುದಿನ ಪಾಂತೆಲಿಸ್ ಸೇತುವೆ ಹತ್ತಲಿಲ್ಲ, ಇನ್ನು ಹತ್ತುವುದಿಲ್ಲ ಅಂದ. ಆ ಸಂಜೆ ಕಾಫಿ ಅಂಗಡಿಯಲ್ಲಿ, ಜೊತೆ ಕೆಲಸದವರೆಲ್ಲರ ಎದುರಿಗೆ, ನಿನ್ನ ಭಾವ ಅವನನ್ನು ತೋರಿಸಿ, "ನನಗೆ ಹೆಣ್ಣುಮಕ್ಕಳೇ ಇಬ್ಬರು ನೋಡ್ರಪ್ಪ," ಅಂದರು. ಎಲ್ಲರೂ ನಕ್ಕರು. ಅವನು ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಹೋದ. ಅಪ್ಪ ಒಂದು ಮಾತು ಹೇಳಲಿ, ಬರುತ್ತೇನೆ ಅಂತ ಅವನು. ಬಂದರೆ ಹೇಳುತ್ತೇನೆ ಅಂತ ಇವರು. ಇಬ್ಬರ ನಡುವೆ ನಾನು ಒಂಬತ್ತು ವರ್ಷ ಫೋನಿನ ತಂತಿಯಾಗಿದ್ದೆ.

ಈ ಆಗಸ್ಟಿನಲ್ಲಿ ಚರ್ಚಿನ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಅದಕ್ಕೆ ಮುಂಚೆ ಕಾಲೋತಿನಾಳ ಕೈ ಹಿಡಿದು, ಬಾಗಿಲಲ್ಲಿ ನಿಂತ ಆ ದೃಶ್ಯ ತೆಗೆದುಬಿಡು ಅಂತ ಬೇಡಿಕೊಂಡಿದ್ದೆ. ಅಷ್ಟುಹೊತ್ತಿಗೆ ಅವಳಿಗೂ ನಿಜ ಗೊತ್ತಾಗಿತ್ತು. ಅತ್ತಳು. ಅತ್ತು, "ಅದನ್ನ ತೆಗೆದ್ರೆ ಸಿನಿಮಾದಲ್ಲಿ ಏನೂ ಉಳಿಯಲ್ಲಮ್ಮ," ಅಂದಳು. ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅದು ನಿಜವೇ ಆಗಿತ್ತು. ಆ ಸಿನಿಮಾದಲ್ಲಿ ನಿಜವಾದದ್ದು ಎರಡೇ, ನನ್ನ ಕೋಲಿವಾ ಮತ್ತು ನಿನ್ನ ಭಾವನ ದುಃಖ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ, ಹೊರಗಿನ ಕೋಣೆಯಲ್ಲಿ ಕೂರಿಸಿ ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ದೃಶ್ಯ ಬಂದಾಗ ಜನ ಬಿಕ್ಕಿ ಬಿಕ್ಕಿ ಅತ್ತರು. ಮುಗಿದ ಮೇಲೆ ಸಾಲುಗಟ್ಟಿ ಹೊರಗೆ ಬಂದು, ಎಂಥ ನಟನೆ ಸ್ಕೇವೋಸ್, ಎಂಥ ನಟನೆ ಅಂತ ನಿನ್ನ ಭಾವನ ಕೈ ಕುಲುಕಿದರು. ಅವರು ಎಲ್ಲರಿಗೂ ತಲೆಬಾಗಿ, "ಬಂದ್ರಲ್ಲ, ದೊಡ್ಡ ಉಪಕಾರ," ಅಂದರು.

ಹಿಂದಿನ ಸಾಲಿನಲ್ಲಿ ಪಾಂತೆಲಿಸ್ ಕೂತಿದ್ದದ್ದು ನನಗೆ ಗೊತ್ತಿರಲಿಲ್ಲ. ತಂಗಿಯ ಸಿನಿಮಾ ಅಂತ ಹೇಳದೆ ಕೇಳದೆ ಬಂದಿದ್ದ. ಕಪ್ಪು ಪಟ್ಟಿ ಕಟ್ಟಿದ ತನ್ನ ಫೋಟೋ ತಾನೇ ನೋಡಿದ. ದೂರದಿಂದ ಮುಖ ಯಾರಿಗೂ ಕಾಣುವುದಿಲ್ಲ, ನಿಜ. ಅವನಿಗೆ ಕಂಡಿತು.

ಮರುದಿನ ಮಧ್ಯಾಹ್ನ ಮನೆಗೆ ಬಂದ. ಬಾಗಿಲಲ್ಲಿ ಅವನನ್ನು ಹಿಡಿದುಕೊಂಡು ಎಲ್ಲ ಹೇಳಿದೆ. ನನ್ನನ್ನು ನೋಡಿದರೆ ಅಪ್ಪನಿಗೆ ಗೊತ್ತಾಗುತ್ತದೆ ಬಿಡಮ್ಮ ಅಂತ ನನಗೇ ಸಮಾಧಾನ ಹೇಳಿದ. ನನಗೂ ಅದೇ ಆಸೆ ತಂಗಿ. ಅದೊಂದೇ ಆಸೆ.

ನಿನ್ನ ಭಾವ ಎದ್ದು ನಿಂತು ಕೈ ಚಾಚಿದರು. ಸಾವಿನ ಮನೆಗೆ ಬಂದವರನ್ನು ಕೂರಿಸುವಂತೆ ಕೂರಿಸಿದರು. ಸಕ್ಕರೆ ಹಾಕದ ಕಾಫಿ ತರಲು, ಬ್ರಾಂದಿ ತರಲು ನನಗೆ ಹೇಳಿದರು. ತಂದಿಟ್ಟೆ. ಹಿಡಿದ ಕೈಯನ್ನು ಅವರು ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಅಂಗೈಯನ್ನು ತಡವಿ, ತಿರುಗಿಸಿ, ಆ ಹಳೆಯ ಗಾಯದ ಗೆರೆ ನೋಡಿದರು.

"ನೀನೂ ಹಗ್ಗ ಹಿಡಿದವನಾ?" ಅಂದರು.

"ಹೌದು."

"ನನ್ನ ಮಗನ ಕೈಯೂ ಹೀಗೇ ಇತ್ತು." ಅವನ ಅಂಗೈ ಮಡಚಿ ಹೇಳಿದರು: "ಅವನನ್ನ ಹೇಡಿ ಅನ್ನೋ ಹಾಗೆ ಆಡ್ಕೊಂಡೆ ಕಣಪ್ಪ, ಎಲ್ಲರ ಮುಂದೆ. ಅವನಿಗೆಲ್ಲಿ ಹೆದರಿಕೆ? ಹೆದರಿದ್ದು ನಾನು. ಅವನು ಬಗ್ಗಿ ಹಗ್ಗ ಹಿಡ್ಕೊಂಡಿದ್ದಾಗ ನನ್ನ ಕಾಲು ಮರಗಟ್ಟಿತ್ತು, ಒಂದು ಹೆಜ್ಜೆ ಇಡೋಕಾಗ್ಲಿಲ್ಲ. ಅದನ್ನ ಅವನು ನೋಡಿದ್ದ. ಅದಕ್ಕೇ ಬೈದೆ. ಅವನಿಗೆ ಇದನ್ನ ಹೇಳೋಣ ಅಂತಿದ್ದೆ."

ಒಂಬತ್ತು ವರ್ಷ ಅವನು ಕಾದದ್ದು ಈ ಮಾತಿಗೆ. ನನ್ನ ಮಗ, ಅಷ್ಟು ದೊಡ್ಡ ಗಂಡಸು, ನೆಲಕ್ಕೆ ಮಂಡಿಯೂರಿ ಅಪ್ಪನ ಎರಡೂ ಕೈ ಹಿಡಿದುಕೊಂಡ. "ಅಪ್ಪಾ, ನಾನೇ. ನಾನೇ ಪಾಂತೆಲಿಸ್," ಅಂದ.

ಅವರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಕೆನ್ನೆ ತಟ್ಟಿದರು. "ನಿನಗೂ ಅದೇ ಹೆಸರಾ?" ಅಂದರು. "ಒಳ್ಳೇದಾಯ್ತು. ಅವನನ್ನ ನೆನೆಯೋಕೆ ನೀನು ಬದುಕಿರು, ಮಗು."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ. ಅದನ್ನು ಬಿಟ್ಟು ಬೇರೇನು ಮಾಡಲಿ?

ಆಮೇಲಿಂದ ಅವನು ಪ್ರತಿ ಭಾನುವಾರ ಬರುತ್ತಾನೆ. ಬ್ರೆಡ್ಡಿನ ಗಾಡಿಯನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಎಳ್ಳು ಹಚ್ಚಿದ ಬಿಸಿ ಬ್ರೆಡ್ ಹಿಡಿದು ಬರುತ್ತಾನೆ. ಪರಿಚಯದವನಂತೆ ಕೂರುತ್ತಾನೆ. ಸತ್ತ ಮಗ ಚಿಕ್ಕವನಿದ್ದಾಗ ಹೇಗಿದ್ದ, ಈಜು ಹೇಗೆ ಕಲಿತ, ಮೊದಲ ಸಲ ಸೇತುವೆ ಹತ್ತಿದಾಗ ಎಷ್ಟು ಚಂದ ಹತ್ತಿದ ಅಂತ ಅಪ್ಪ ಹೇಳುತ್ತಾರೆ, ಇವನು ಕೇಳುತ್ತಾನೆ. ಬದುಕಿದ್ದ ಮಗನಿಗೆ ಇದರಲ್ಲಿ ಒಂದು ಮಾತನ್ನೂ ಅವರು ಹೇಳಿದವರಲ್ಲ. ಒಮ್ಮೆ ಬಾಗಿಲವರೆಗೆ ಕಳಿಸಲು ಹೋದಾಗ, ಇನ್ನೊಂದು ಸಲ ಹೇಳಿ ನೋಡೋಣವೇನೋ ಅಂದೆ. "ಬೇಡಮ್ಮ," ಅಂದ. "ನಾನು ಬದುಕಿದ್ರೆ ಅವರು ಮತ್ತೆ ಮಾತು ಬಿಡ್ತಾರೆ. ಹೀಗೇ ಇರ್ಲಿ." ಅವನು ನಗುತ್ತಾ ಹೇಳಿದ್ದು.

ಕಾಲೋತಿನಾಳ ಸಿನಿಮಾಗೆ ಎಲ್ಲೋ ಸಣ್ಣ ಉತ್ಸವದಲ್ಲಿ ಬಹುಮಾನ ಬಂದಿದೆ. ಅವಳು ಇನ್ನೂ ಡಬ್ಬಿಯಿಂದ ಹೊರಗೆ ತೆಗೆದಿಲ್ಲ. ನಮ್ಮ ಮನೆಗೂ ಈಗ ಅಷ್ಟಾಗಿ ಬರುವುದಿಲ್ಲ, ಬಂದರೆ ಆ ಮೇಜಿನ ಕಡೆ ನೋಡುವುದಿಲ್ಲ. ಫೋಟೋ ಬೀರುವಿನಲ್ಲೇ ಇದೆ. ಪಟ್ಟಿಯನ್ನು ನಾನು ಬಿಚ್ಚಿಡುತ್ತೇನೆ, ಅವರು ಹುಡುಕಿ ಕಟ್ಟುತ್ತಾರೆ. ಅವಳಿಗೆ ಒಂದು ಕಾಗದ ಬರಿ. ಚಿಕ್ಕಮ್ಮ ಬೈದರೂ ಅವಳಿಗೆ ಒಳ್ಳೆಯದೇ ಆಗುತ್ತದೆ, ನಾನು ಬೈಯದಿರುವುದೇ ಅವಳನ್ನು ಕೊಲ್ಲುತ್ತಿದೆ.

ನೀನು ಚರ್ಚಿಗೆ ಹೋದಾಗ ಪಾಂತೆಲಿಸನಿಗಾಗಿ ಒಂದು ಮೇಣದಬತ್ತಿ ಹಚ್ಚು. ಬದುಕಿರುವವರ ಕಡೆ ಹಚ್ಚು, ನೆನಪಿರಲಿ. ಮಂಡಿನೋವಿಗೆ ಬಿಸಿ ಉಪ್ಪಿನ ಶಾಖ ಕೊಡು, ಅಳಿಯನ ಮೇಲೆ ರೇಗಬೇಡ. ದೇವರ ತಾಯಿ ನಿನ್ನ ಮನೆಯವರನ್ನೂ ದೋಣಿಯನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಮಕ್ಕಳು ನಿನ್ನ ಕಣ್ಣೆದುರು ನೂರು ಕಾಲ ಬಾಳಲಿ, ನೀನು ಅವರನ್ನು ಗುರುತಿಸುತ್ತಾ ಬಾಳು.

ಇಂತಿ ನಿನ್ನ ಅಕ್ಕ,
ಸೆವಾಸ್ತಿ

ತಾ.ಕ. ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಒಂದನ್ನು ಬರೆಯದೆ ಬಿಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಬ್ರೆಡ್ಡಿನ ಕೊನೆಯ ಚೂರಿಗೆ ನಿನ್ನ ಜೇನು ಸವರಿಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿನ್ನ ಭಾವ ಹೇಳಿದರು: "ಭಾನುವಾರ ಬರ್ತಾನಲ್ಲ ಆ ಹುಡುಗ, ತುಂಬ ಒಳ್ಳೆಯವನು. ಆದ್ರೆ ಇನ್ನು ಬರಬೇಡ ಅಂತ ನೀನೇ ಹೇಗಾದ್ರೂ ಹೇಳ್ಬಿಡು, ಸೆವಾಸ್ತಿ. ಅವನನ್ನ ನೋಡಿದ್ರೆ ನನಗೆ ನಮ್ಮವನು ನೆನಪಾಗ್ತಾನೆ. ತಡ್ಕೊಳ್ಳೋಕಾಗಲ್ಲ." ಆ ಚಿತ್ರೀಕರಣದ ದಿನದ ನಂತರ ಅವರು ನನ್ನನ್ನು ನನ್ನ ಹೆಸರಿನಿಂದ ಕರೆದು ಕೇಳಿಕೊಂಡದ್ದು ಇದೊಂದೇ. ನಾಳೆ ಭಾನುವಾರ. ಪಾಂತೆಲಿಸನಿಗೆ ನಾನಿನ್ನೂ ಫೋನ್ ಮಾಡಿಲ್ಲ.